ಗರ್ಭಾಶಯದ ಒಳಪದರ ಮತ್ತು ಋತುಚಕ್ರ

ಶಿವರಾತ್ರಿಯೋ ಯುಗಾದಿಯೋ ಸಮೀಪಿಸಿತೆಂದರೆ ಗುಂಡ್ಲುಪೇಟೆ, ಬಂಡೀಪುರದ ಸುತ್ತಣ ಹಳ್ಳಿಗಳಿಂದ ಬರುವ ತಾಯಂದಿರು ನಮ್ಮ ಬಳಿ ಮೆಲುದನಿಯಲ್ಲಿ ಕೇಳುತ್ತಾರೆ: “ಮಾದಪ್ಪನ ಬೆಟ್ಟಕ್ಕೆ ಹೊರಟಿದ್ದೇವೆ, ಮುಟ್ಟು ಮುಂದಕ್ಕೆ ಹೋಗುವ ಮಾತ್ರೆ ಕೊಡಿ.” ಆ ಮಾತ್ರೆ ದೇಹದೊಳಗೆ ಏನನ್ನು ತಡೆಯುತ್ತದೆಂಬುದನ್ನು ಕೇಳಿದವರು ವಿರಳ. ಮುಟ್ಟಿನ ನಿಜಸ್ವರೂಪವನ್ನು ತಿಳಿದರೆ ಸಂಕೋಚವೂ, ಸಂಕೋಚದಿಂದ ಮುಚ್ಚಿಟ್ಟ ರೋಗಗಳೂ ಕಡಿಮೆಯಾದಾವೆಂಬ ಆಶಯದಿಂದ ಇದನ್ನು ಬರೆಯುತ್ತಿದ್ದೇವೆ.

ಗರ್ಭಾಶಯದ ಒಳಗೋಡೆಗೆ ಮೃದುವಾದ ಪದರವೊಂದಿದೆ. ಅದರಲ್ಲಿ ಎರಡು ಸ್ತರಗಳು. ತಳಸ್ತರವು ಸ್ಥಿರವಾದುದು, ಮೇಲಿನ ಸ್ತರವು ಪ್ರತಿ ಚಕ್ರದಲ್ಲಿಯೂ ಬೆಳೆದು ಕಳಚಿ ಬೀಳುತ್ತದೆ. ಬೇಸಿಗೆಯಲ್ಲಿ ಬಂಡೀಪುರದ ಹುಲ್ಲು ಒಣಗಿದರೂ ಬೇರು ಉಳಿದಿರುತ್ತದೆ. ಮಳೆ ಬಿದ್ದೊಡನೆ ಮತ್ತೆ ಚಿಗುರುತ್ತದೆ. ತಳಸ್ತರವು ಆ ಬೇರಿನಂತೆ.

ಆಯುರ್ವೇದವು ಋತುಚಕ್ರವನ್ನು ರಜಃಕಾಲ, ಋತುಕಾಲ, ಋತುವ್ಯತೀತಕಾಲ ಎಂದು ಮೂರಾಗಿ ವಿಂಗಡಿಸಿದೆ. ಆಧುನಿಕ ಶರೀರಕ್ರಿಯಾಶಾಸ್ತ್ರದ ವಿವರಣೆಯೂ ಇದನ್ನು ಹೋಲುತ್ತದೆ. 28 ದಿನಗಳ ಚಕ್ರವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಸ್ರಾವದ ಮೊದಲ ದಿನವೇ ಚಕ್ರದ ಮೊದಲ ದಿನ. ಸ್ರಾವ ನಿಂತಾಗ ಪದರದ ದಪ್ಪ ಕೆಲವೇ ಮಿಲಿಮೀಟರ್. ಬಳಿಕ ಅಂಡಾಶಯದಿಂದ ಸ್ರವಿಸುವ ಈಸ್ಟ್ರೋಜನ್ ಎಂಬ ಹಾರ್ಮೋನು ಅದನ್ನು ಬೆಳೆಸುತ್ತದೆ. ಸುಮಾರು 14ನೆಯ ದಿನ ಅಂಡವು ಬಿಡುಗಡೆಯಾಗುತ್ತದೆ. ಅಂಡ ಹೊರಟ ಸ್ಥಳದಲ್ಲಿ ಉತ್ಪತ್ತಿಯಾಗುವ ಪ್ರೊಜೆಸ್ಟೆರಾನ್ ಪದರವನ್ನು ಪಕ್ವಗೊಳಿಸುತ್ತದೆ. ಗ್ರಂಥಿಗಳಲ್ಲಿ ಪೋಷಕ ರಸ ತುಂಬುತ್ತದೆ, ರಕ್ತನಾಳಗಳು ಸುರುಳಿಗೊಳ್ಳುತ್ತವೆ. ಆಗ ಪದರದ ದಪ್ಪ ಸಾಮಾನ್ಯವಾಗಿ 7ರಿಂದ 16 ಮಿಲಿಮೀಟರ್. ಇದು ಬರಬಹುದಾದ ಶಿಶುವಿಗೆ ಸಿದ್ಧವಾದ ಹಾಸಿಗೆ. ಗರ್ಭ ನಿಲ್ಲದಿದ್ದರೆ ಪ್ರೊಜೆಸ್ಟೆರಾನ್ ಇಳಿದು, ಸುರುಳಿನಾಳಗಳು ಸಂಕುಚಿಸಿ, ಮೇಲಿನ ಸ್ತರವು ರಕ್ತದೊಡನೆ ಹೊರಬೀಳುತ್ತದೆ. ಇದೇ ಮುಟ್ಟು.

ಶಿಶುವನ್ನು ಪೋಷಿಸಲೆಂದು ಸಿದ್ಧವಾದ ವಸ್ತುವಿನಲ್ಲಿ ಮೈಲಿಗೆ ಎಲ್ಲಿಂದ ಬಂದೀತು? 12ನೆಯ ಶತಮಾನದ ಶರಣರು ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳನ್ನು ನಿರಾಕರಿಸಿದರು. ಇಷ್ಟಲಿಂಗವನ್ನು ಧರಿಸಿದ ತಾಯಿಗೆ ಆ ದಿನಗಳಲ್ಲಿಯೂ ಪೂಜೆಗೆ ಅಡ್ಡಿಯಿಲ್ಲ. ಆದರೂ ಹೊರಗೆ ಕೂರಿಸುವ ರೂಢಿ ನಮ್ಮವರ ಮನೆಗಳಿಂದ ಪೂರ್ತಿಯಾಗಿ ಅಳಿದಿಲ್ಲವೆಂಬುದು ಖೇದದ ಸಂಗತಿ.

ಮುಟ್ಟನ್ನು ಮುಂದೂಡುವ ಮಾತ್ರೆಯು ಪ್ರೊಜೆಸ್ಟೆರಾನಿನಂತೆ ವರ್ತಿಸಿ ಪದರವು ಕಳಚದಂತೆ ಹಿಡಿದಿಡುತ್ತದೆ. ನಿಲ್ಲಿಸಿದ ಎರಡು ಮೂರು ದಿನಗಳಲ್ಲಿ ಸ್ರಾವ ಆರಂಭವಾಗುತ್ತದೆ. ಹಿಂದೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದವರು, ಯಕೃತ್ತಿನ ರೋಗ ಅಥವಾ ಸ್ತನ ಕ್ಯಾನ್ಸರ್ ಉಳ್ಳವರು, ಗರ್ಭಿಣಿಯಾಗಿರುವ ಸಂಶಯವಿರುವವರು ಇದನ್ನು ಸೇವಿಸಲಾಗದು. ವೈದ್ಯರನ್ನು ಕೇಳದೆ ಅಂಗಡಿಯಿಂದ ತಂದು ನುಂಗುವುದು ಯಾರಿಗೂ ಸಲ್ಲದು.

ಸಹಜ ಮುಟ್ಟು ಯಾವುದು? ತಿಂಗಳಿಗೊಮ್ಮೆ ಬಂದು, ಉರಿ ನೋವುಗಳಿಲ್ಲದೆ, ಐದು ರಾತ್ರಿಗಳಿದ್ದು, ಅತಿಯೂ ಅಲ್ಪವೂ ಆಗದ ಸ್ರಾವವನ್ನು ಚರಕಸಂಹಿತೆಯು ಶುದ್ಧಾರ್ತವವೆನ್ನುತ್ತದೆ. ಇಂದಿನ ಗಣನೆಯಂತೆ 24ರಿಂದ 38 ದಿನಗಳಿಗೊಮ್ಮೆ ಬಂದು 8 ದಿನಗಳೊಳಗೆ ನಿಲ್ಲುವುದು ಸಹಜ. ಒಟ್ಟು ರಕ್ತಸ್ರಾವ 80 ಮಿಲಿಲೀಟರಿಗಿಂತ ಹೆಚ್ಚಾದರೆ ಅದು ಅತಿಸ್ರಾವ. ಗಂಟೆಗೊಮ್ಮೆ ಬಟ್ಟೆ ಬದಲಿಸಬೇಕಾಗುವುದು, ದೊಡ್ಡ ಹೆಪ್ಪುಗಳು ಬೀಳುವುದು ಅದರ ಲಕ್ಷಣಗಳು. ಚೆಂಡುಹೂವಿನ ಹೊಲಗಳಲ್ಲಿ ದುಡಿಯುವ ತಾಯಂದಿರು ತಲೆಸುತ್ತು ಬಂದರೆ ಬಿಸಿಲನ್ನು ದೂರುತ್ತಾರೆ. ಕಾರಣ ಅನೇಕ ವೇಳೆ ರಕ್ತಹೀನತೆಯಾಗಿರುತ್ತದೆ. ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಿದ್ದರೆ ಚಿಕಿತ್ಸೆ ಅಗತ್ಯ. ಸೊಪ್ಪು, ಹುರುಳಿ, ರಾಗಿಯೊಡನೆ ನೆಲ್ಲಿಕಾಯಿಯನ್ನೂ ಸೇವಿಸಬೇಕು. ಊಟದೊಡನೆ ಚಹಾ ಬೇಡ.

ಅಂಡ ಬಿಡುಗಡೆಯಾಗದ ತಿಂಗಳುಗಳಲ್ಲಿ ಪ್ರೊಜೆಸ್ಟೆರಾನ್ ಇರದ ಕಾರಣ ಪದರವು ಬೆಳೆಯುತ್ತಲೇ ಹೋಗಿ, ಒಮ್ಮೆಲೇ ಅತಿಯಾಗಿ ಸ್ರವಿಸಬಹುದು. ಮೂರು ತಿಂಗಳು ಮುಟ್ಟು ನಿಂತು ಬಳಿಕ ಅತಿಸ್ರಾವವಾದರೆ ಪರೀಕ್ಷೆ ಮಾಡಿಸಬೇಕು. ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ಸ್ತ್ರೀರೋಗ ತಜ್ಞರಲ್ಲಿಗೆ ಹೋಗಲೇಬೇಕು. ಅದು ಗರ್ಭಾಶಯದ ಕ್ಯಾನ್ಸರಿನ ಮೊದಲ ಸೂಚನೆಯಾಗಿರಬಹುದು. ಮೊದಲೇ ಗುರುತಿಸಿದರೆ ಬಹುಪಾಲು ಗುಣವಾಗುತ್ತದೆ. ಇಂತಹ ಸ್ಥಿತಿಯಲ್ಲಿ ಕಷಾಯ ಕುಡಿದು ಕಾಲ ಕಳೆಯಬಾರದೆಂದು ಆಯುರ್ವೇದ ವೈದ್ಯರಾದ ನಾವೇ ಹೇಳುತ್ತೇವೆ.

ಸದ್ಭಕ್ತ ತಾಯಂದಿರು ಇದನ್ನು ಹೆಣ್ಣುಮಕ್ಕಳಿಗೆ ಓದಿ ಹೇಳಲಿ, ಗಂಡಸರೂ ಓದಲಿ. ಮನೆಯಲ್ಲಿ ಮುಚ್ಚುಮರೆಯಿಲ್ಲದೆ ಮಾತನಾಡಿದರೆ ರೋಗವು ಬೇಗ ತಿಳಿಯುತ್ತದೆ.