ತೊಟ್ಟಿಲು ಕಟ್ಟುವ ಮೊದಲು

ನಾಯಿಯನ್ನು ಯಾರಿಗಾದರೂ ಕೊಟ್ಟುಬಿಡಿ ಎಂಬ ನಿಮ್ಮ ಅತ್ತೆಯವರ ಆತಂಕ ಸಹಜ. ಆದರೆ ಕೊಡಬೇಕಿಲ್ಲಮ್ಮ. ತವರಿಗೆ ಹೊರಡುವ ಮುನ್ನ, ಮುಂದೆ ಮಗು ಮಲಗುವ ಕೋಣೆಯ ಹೊಸ್ತಿಲಾಚೆಯೇ ಕೂರುವುದನ್ನು ಅದಕ್ಕೆ ರೂಢಿ ಮಾಡಿಸಿ. ರೇಬೀಸ್ ಲಸಿಕೆ, ಜಂತುಹುಳದ ಔಷಧಿ ಬಾಕಿಯಿದ್ದರೆ ಈ ವಾರವೇ ಆಗಲಿ. ಹೆರಿಗೆಯಾದ ಮೇಲೆ, ಮಗುವಿಗೆ ಸುತ್ತಿದ್ದ ಹಳೇ ಸೀರೆಯ ತುಂಡೊಂದನ್ನು ಒಗೆಯದೆ ಯಜಮಾನರ ಕೈಲಿ ಕಳಿಸಿ. ನಾಯಿ ಮೂಸಿ ಮೂಸಿ ಪರಿಚಯ ಮಾಡಿಕೊಳ್ಳುತ್ತದೆ. ಬಾಣಂತನ ಮುಗಿಸಿ ಬಂದ ದಿನ ಮಗುವನ್ನು ಅತ್ತೆಯವರ ಕೈಗಿತ್ತು, ಮೊದಲು ನೀವೊಬ್ಬರೇ ಒಳಹೋಗಿ ನಾಯಿಯನ್ನು ಮಾತಾಡಿಸಿ. ಪಾಪ, ತಿಂಗಳುಗಟ್ಟಲೆ ಕಾದಿರುತ್ತದೆ. ಗುರುಗುಟ್ಟಿದರೆ ಗದರಬೇಡಿ, ಸುಮ್ಮನೆ ದೂರ ಕರೆದೊಯ್ಯಿರಿ. ಗದರಿಸಿ ಬಾಯಿ ಮುಚ್ಚಿಸಿದ ನಾಯಿ ಮುನ್ಸೂಚನೆ ಕೊಡದೆ ಕಚ್ಚೀತು. ಎಷ್ಟೇ ಸಾಧುವಾದರೂ, ದೊಡ್ಡವರಿಲ್ಲದೆ ನಾಯಿಯನ್ನೂ ಮಗುವನ್ನೂ ಒಂದೇ ಕೋಣೆಯಲ್ಲಿ ಒಂದು ನಿಮಿಷವೂ ಬಿಡಬೇಡಿ.