ಅಡ್ವಾನ್ಸ್ ಕೊಡುವ ಮುನ್ನ ಮಾಲೀಕರ ಸಾಲ ನೋಡಿ

ಬೆಂಗಳೂರಿನಲ್ಲಿ ಬಾಡಿಗೆಗೆ ಫ್ಲ್ಯಾಟ್ ಹುಡುಕುವವರು ನಲ್ಲಿ ತಿರುಗಿಸಿ ನೋಡುತ್ತಾರೆ, ಗೋಡೆಯ ತೇವ ಮುಟ್ಟಿ ನೋಡುತ್ತಾರೆ, ಬಾಲ್ಕನಿಗೆ ಹೋಗಿ ಮೊಬೈಲ್ ಸಿಗ್ನಲ್ ನೋಡುತ್ತಾರೆ. ಅಡ್ವಾನ್ಸ್ ಅಂತ ಲಕ್ಷಗಟ್ಟಲೆ ಎಣಿಸುವಾಗ ಮಾತ್ರ ಅದು ಯಾರ ಕೈಗೆ ಹೋಗುತ್ತಿದೆ ಎಂದು ನೋಡುವುದಿಲ್ಲ. ಅಡ್ವಾನ್ಸ್ ಎಂದರೆ ಬಡ್ಡಿಯಿಲ್ಲದ ಸಾಲ. ಕೊಡುವವರು ನಾವು, ಪಡೆಯುವವರು ಮಾಲೀಕರು. ಆದರೂ ಆಧಾರ್, ಸಂಬಳದ ಚೀಟಿ, ಊರು, ಊಟದ ಅಭ್ಯಾಸವನ್ನೆಲ್ಲ ಕೇಳುವವರು ಅವರೇ.

ನಾನು ಹಿಡಿದ ಒಂದು ಫ್ಲ್ಯಾಟಿನ ಲೆಕ್ಕ ಹೇಳುತ್ತೇನೆ. ಬಾಡಿಗೆ 30,000, ಅಡ್ವಾನ್ಸ್ ಮೂರು ಲಕ್ಷ. ನಮ್ಮೂರಿನ ಹಳೆಯ ಹತ್ತು ತಿಂಗಳ ಪದ್ಧತಿ. ಮಾಲೀಕರೇ ಇನ್ನೊಂದು ದಾರಿ ಮುಂದಿಟ್ಟರು: ಐದು ಲಕ್ಷ ಕೊಟ್ಟರೆ ಬಾಡಿಗೆ 28,000. ಹೆಚ್ಚುವರಿ ಎರಡು ಲಕ್ಷಕ್ಕೆ ತಿಂಗಳಿಗೆ 2,000, ವರ್ಷಕ್ಕೆ 24,000 ಉಳಿತಾಯ. ಅಂದರೆ ಶೇ 12, ಅದೂ ತೆರಿಗೆಯಿಲ್ಲದ ಆದಾಯ. ಅದೇ ಹಣ ಎಫ್‌ಡಿಯಲ್ಲಿದ್ದರೆ ಶೇ 7 ಬರುತ್ತಿತ್ತು, ಅದರಲ್ಲೂ ತೆರಿಗೆ ಹೋಗುತ್ತಿತ್ತು. ಒಪ್ಪಿದೆ.

ಎರಡು ವರ್ಷ ಇದ್ದೆವು. 48,000 ಉಳಿಯಿತು. ಬಿಡುವಾಗ ಮಾಲೀಕರು ಹೇಳಿದ್ದು, ‘ಮುಂದಿನ ಬಾಡಿಗೆಯವರು ಬಂದ ಮೇಲೆ ಕೊಡುತ್ತೇನೆ.’ ಹೊಸ ಮನೆಯ ಅಡ್ವಾನ್ಸ್ ಅಷ್ಟು ದಿನ ಕಾಯುತ್ತದೆಯೇ? ಮನೆಯ ಒಡವೆ ಅಡವಿಟ್ಟು ಶೇ 12ರ ಬಡ್ಡಿಗೆ ಐದು ಲಕ್ಷ ತಂದೆವು. ಹಣ ವಾಪಸಾಗಲು ನಾಲ್ಕು ತಿಂಗಳಾಯಿತು, ಬಡ್ಡಿ 20,000. ಉಳಿತಾಯದಲ್ಲಿ ಅದನ್ನು ಕಳೆದರೆ 28,000. ಎರಡು ಲಕ್ಷ ಎಫ್‌ಡಿಯಲ್ಲಿದ್ದಿದ್ದರೂ ಎರಡು ವರ್ಷಕ್ಕೆ 28,000 ಬಡ್ಡಿ ಬರುತ್ತಿತ್ತು. ಶೇ 30ರ ತೆರಿಗೆ ಕಳೆದರೆ 19,600. ಹಾಗಾಗಿ ನನ್ನ ನಿಜವಾದ ಲಾಭ 8,400 ರೂಪಾಯಿ. ಐದು ಲಕ್ಷವನ್ನು ಅಪರಿಚಿತರೊಬ್ಬರ ಕೈಗಿಟ್ಟು ಎರಡೂಕಾಲು ವರ್ಷಕ್ಕೂ ಮೇಲೆ ಕೂತದ್ದಕ್ಕೆ ಸಿಕ್ಕ ಕೂಲಿ! ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಂಡದ್ದನ್ನು ಸೇರಿಸಿಲ್ಲ. ಅದನ್ನು ಹೇಗಿದ್ದರೂ ಮುರಿಯುತ್ತಿದ್ದರು.

ಲೆಕ್ಕದಲ್ಲಿ ತಪ್ಪಿರಲಿಲ್ಲ. ಲೆಕ್ಕದೊಳಗೆ ಮಾಲೀಕರು ಇರಲಿಲ್ಲ, ಅಷ್ಟೆ. ಬ್ಯಾಂಕು ಶೇ 9ಕ್ಕೆ ಗೃಹಸಾಲ ಕೊಡುತ್ತಿದ್ದ ಕಾಲದಲ್ಲಿ ಒಬ್ಬರು ನನಗೆ ಶೇ 12 ಕೊಡಲು ಸಿದ್ಧರಿದ್ದರು ಎಂದರೆ, ಬ್ಯಾಂಕು ಅವರಿಗೆ ಇನ್ನು ಸಾಲ ಕೊಡುವುದಿಲ್ಲ ಎಂದೇ ಮೊದಲು ಅನುಮಾನಿಸಬೇಕಿತ್ತು.

ಈ ಅನುಮಾನವನ್ನೇ ಹತ್ತು ಪಟ್ಟು ಹಿಗ್ಗಿಸಿದರೆ ಸಿಗುವುದು ಭೋಗ್ಯ, ನಮ್ಮ ಬ್ರೋಕರ್‌ಗಳ ಬಾಯಲ್ಲಿ ‘ಲೀಸ್’. ಹದಿನೈದು ಲಕ್ಷ ಕೊಡಿ, ಮೂರು ವರ್ಷ ಬಾಡಿಗೆಯೇ ಇಲ್ಲ! ಹದಿನೈದು ಲಕ್ಷಕ್ಕೆ ಶೇ 7ರಂತೆ ತಿಂಗಳಿಗೆ 8,750 ಆಗುತ್ತದೆ. ಇಪ್ಪತ್ತು ಸಾವಿರ ಬಾಡಿಗೆ ಬರುವ ಮನೆಯನ್ನು ಯಾರಾದರೂ ಅಷ್ಟಕ್ಕೆ ಯಾಕೆ ಬಿಡುತ್ತಾರೆ? ಕೇಳಿದರೆ ‘ಮಗಳ ಮದುವೆ ಸಾರ್’ ಎನ್ನುತ್ತಾರೆ. ಇದಕ್ಕಿಂತ ಕೆಟ್ಟದ್ದು ನಡುವೆ ಕಂಪನಿಯೊಂದು ಕೂತಿರುವ ಲೀಸ್. ಅದು ನಿಮ್ಮಿಂದ ಲಕ್ಷಗಳನ್ನು ಒಟ್ಟಿಗೆ ಪಡೆದು ಮಾಲೀಕರಿಗೆ ತಿಂಗಳ ಬಾಡಿಗೆ ಕಟ್ಟುತ್ತದೆ. ಕಟ್ಟುವುದು ನಿಲ್ಲಿಸಿದ ದಿನ ಮಾಲೀಕರು ನಿಮ್ಮ ಬಾಗಿಲಿಗೆ ಬರುತ್ತಾರೆ, ನಿಮ್ಮ ಹಣ ಅವರ ಹತ್ತಿರ ಇಲ್ಲ. ಇಂಥ ದೂರುಗಳು ಬೆಂಗಳೂರಿನ ಪೊಲೀಸ್ ಠಾಣೆಗಳಿಗೆ ಹೊಸವಲ್ಲ. ಲೀಸ್‌ಗಳಲ್ಲಿ ಒಳ್ಳೆಯದು, ಕೆಟ್ಟದ್ದು ಎಂದು ಆರಿಸಲು ನನಗೆ ತಾಳ್ಮೆಯಿಲ್ಲ. ಬೇಡ.

ಹಾಗಾದರೆ ನೋಡುವುದೇನು? ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಋಣಭಾರ ಪತ್ರಕ್ಕೆ (ಇಸಿ) ಅರ್ಜಿ ಹಾಕಿ. ಖಾತಾ, ತೆರಿಗೆ ರಸೀದಿಯಲ್ಲಿರುವ ಹೆಸರೂ ಕರಾರಿಗೆ ಸಹಿ ಹಾಕುವವರ ಹೆಸರೂ ಒಂದೇ ಇರಲಿ. ಹಕ್ಕುಪತ್ರಗಳನ್ನು ಒತ್ತೆಯಿಟ್ಟು ತಂದ ಸಾಲ ಇಸಿಯಲ್ಲಿ ಕಾಣದೆಯೂ ಇರಬಹುದು. ಅದನ್ನು ಕೇಂದ್ರದ ಸೆರ್ಸಾಯ್ ಜಾಲತಾಣದಲ್ಲಿ ಸಣ್ಣ ಶುಲ್ಕ ಕಟ್ಟಿ ಹುಡುಕಬಹುದು. ಮನೆಯ ಮೇಲೆ ಸಾಲ ಇದ್ದರೆ ಅಪರಾಧವೇನಲ್ಲ, ಬೆಂಗಳೂರಿನ ಅರ್ಧ ಫ್ಲ್ಯಾಟುಗಳು ಇಎಂಐ ಮೇಲೆಯೇ ನಿಂತಿವೆ. ಕಂತು ತಪ್ಪಿದೆಯೇ ಎಂಬುದೇ ಪ್ರಶ್ನೆ. ತಪ್ಪಿದ್ದರೆ 2002ರ ಸರ್ಫೇಸಿ ಕಾಯ್ದೆ ಹಿಡಿದು ಮನೆ ವಶಪಡಿಸಿಕೊಳ್ಳಲು ಬ್ಯಾಂಕು ಬರುತ್ತದೆ. ಹನ್ನೊಂದು ತಿಂಗಳ ನೋಂದಣಿಯಿಲ್ಲದ ಕರಾರು ಹಿಡಿದವರ ಮಾತು ಅಲ್ಲಿ ನಡೆಯುವುದು ಕಷ್ಟ.

ಕಾನೂನು ಕಾಪಾಡುತ್ತದೆ ಎಂದು ನಂಬಿ ಕೂರಬೇಡಿ. ಕರ್ನಾಟಕ ಬಾಡಿಗೆ ಕಾಯ್ದೆ 1999, ಬೆಂಗಳೂರಿನಲ್ಲಿ ತಿಂಗಳಿಗೆ 3,500 ದಾಟಿದ ಬಾಡಿಗೆಗೆ ಅನ್ವಯಿಸುವುದೇ ಇಲ್ಲ. ಆ ಮೊತ್ತಕ್ಕೆ ಇಂದು ಪಿಜಿಯ ಮಂಚ ಸಿಕ್ಕರೆ ಪುಣ್ಯ. ಕೇಂದ್ರ 2021ರಲ್ಲಿ ತಂದ ಮಾದರಿ ಬಾಡಿಗೆ ಕಾಯ್ದೆ ಅಡ್ವಾನ್ಸನ್ನು ಎರಡು ತಿಂಗಳಿಗೆ ಮಿತಿಗೊಳಿಸಿದೆ, ಆದರೆ ಅದು ಮಾದರಿ; ರಾಜ್ಯ ತನ್ನದಾಗಿ ಮಾಡಿಕೊಂಡರಷ್ಟೇ ಜಾರಿ. ಆದ್ದರಿಂದ ಕರಾರಿನಲ್ಲಿಯೇ ಬರೆಸಿ: ಕೀಲಿ ಕೊಟ್ಟ ದಿನವೇ ಅಡ್ವಾನ್ಸ್ ವಾಪಸು, ತಡವಾದರೆ ಬಡ್ಡಿ, ಬಣ್ಣಕ್ಕೆ ಮುರಿಯುವ ಮೊತ್ತ ಇಷ್ಟೇ. ನಗದು ಬೇಡ, ಬ್ಯಾಂಕಿನ ಮೂಲಕವೇ ಕೊಡಿ. ಮಾಲೀಕರು ಅಮೆರಿಕದಲ್ಲಿದ್ದರೆ ಬಾಡಿಗೆಯಲ್ಲಿ ಶೇ 30ಕ್ಕೂ ಹೆಚ್ಚು ಟಿಡಿಎಸ್ ಮುರಿದು ಕಟ್ಟುವ ಹೊಣೆ ನಿಮ್ಮದು. ಬ್ರೋಕರ್ ಇದನ್ನು ಹೇಳುವುದಿಲ್ಲ.  

ಎಲ್ಲಕ್ಕಿಂತ ಮುಖ್ಯವಾಗಿ, ಬಿಟ್ಟು ಹೋಗುತ್ತಿರುವ ಬಾಡಿಗೆದಾರರ ಫೋನ್ ನಂಬರ್ ಪಡೆಯಿರಿ. ಹಣ ಕೈಗೆ ಬಂತೇ ಎಂಬ ಒಂದೇ ಪ್ರಶ್ನೆ ಸಾಕು. ಇಪ್ಪತ್ತು ಸಾವಿರದ ಫೋನ್ ಕೊಳ್ಳಲು ವಾರವಿಡೀ ವಿಮರ್ಶೆ ಓದುವ ನಾವು, ಜೆರಾಕ್ಸ್ ಅಂಗಡಿಯಲ್ಲಿ ನಿಂತುಕೊಂಡೇ ಐದು ಲಕ್ಷದ ಕರಾರಿಗೆ ಸಹಿ ಹಾಕುತ್ತೇವೆ. ಓದದೆ ಸಹಿ ಹಾಕುವುದು ಸೌಜನ್ಯ ಎಂದು ಯಾರು ಹೇಳಿಕೊಟ್ಟರೋ!

ಟೋಕನ್ ಹಣ ಕೇಳಿದರೆ ಋಣಭಾರ ಪತ್ರ ಕೈಗೆ ಬರುವವರೆಗೆ ಕೊಡಬೇಡಿ. ಇನ್ನೊಬ್ಬರು ಕಾಯುತ್ತಿದ್ದಾರೆ ಎಂದು ಬ್ರೋಕರ್ ಹೆದರಿಸಿದರೆ, ಅವರಿಗೇ ಕೊಡಿ ಎನ್ನಿ.