ಹಬ್ಬಕ್ಕೆ ಹೋಗುವ ದಾರಿಯೂ ಪ್ರಾರ್ಥನೆಯೇ



ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಅಡಿಕೆ ಕೊಯ್ಲಿನ ಗಡಿಬಿಡಿ ಇರುವಾಗಲೇ ಡಿಸೆಂಬರ್ 3 ಬರುತ್ತದೆ. ಅದು ಸಂತ ಫ್ರಾನ್ಸಿಸ್ ಝೇವಿಯರರ ಹಬ್ಬ. ಹಳೆಗೋವೆಗೆ ಹೋಗಿಬರುವ ಮಾತು ಆಗ ಮನೆಗಳಲ್ಲಿ ಏಳುತ್ತದೆ. ಅರಬೈಲ್ ಘಟ್ಟವನ್ನೋ ದೇವಿಮನೆ ಘಟ್ಟವನ್ನೋ ಇಳಿದು, ಕಾರವಾರದಲ್ಲಿ ಕಾಳಿ ನದಿ ದಾಟಿದರೆ ಗೋವಾ ದೂರವಲ್ಲ. ಇಷ್ಟು ಸುಲಭವಾದ ಈ ಪ್ರಯಾಣ ನಮಗೆ ಯಾತ್ರೆಯೋ, ಬರೀ ಪ್ರವಾಸವೋ?

ಈ ದಾರಿ ಸದಾ ತೆರೆದಿರಲಿಲ್ಲ. 1961ರ ಡಿಸೆಂಬರ್ 19ರವರೆಗೆ ಗೋವಾ ಪೋರ್ಚುಗೀಸರ ಕೈಯಲ್ಲಿತ್ತು. 1955ರ ಸತ್ಯಾಗ್ರಹದ ತರುವಾಯ ಭಾರತ ಗಡಿಯನ್ನೇ ಮುಚ್ಚಿತು. ಆಗ ನಮ್ಮ ಜಿಲ್ಲೆಯೇ ದೇಶದ ಅಂಚಿನ ನಾಡು. ಸಂತರ ಸಮಾಧಿ ಹತ್ತಿರವಿದ್ದರೂ ಹೋಗುವುದು ಸುಲಭವಿರಲಿಲ್ಲ.

ಇದೇ ಸಂತರಿಗಾಗಿ ಗಡಿ ದಾಟುವ ಜನ ಇಂದಿಗೂ ಇದ್ದಾರೆ, ಭೂಮಿಯ ಇನ್ನೊಂದು ಮಗ್ಗುಲಲ್ಲಿ. ಮೆಕ್ಸಿಕೊ ಮತ್ತು ಅಮೆರಿಕದ ಗಡಿಗೆ ಹಬ್ಬಿದ ಸೊನೋರಾ ಮರುಭೂಮಿಯಲ್ಲಿ ಮಗ್ದಲೇನಾ ಎಂಬ ಪಟ್ಟಣವಿದೆ. ಯೇಸುಸಭೆಯ ಗುರು ಯೂಸೆಬಿಯೊ ಕೀನೊರವರು ಸಂತ ಝೇವಿಯರರ ಹೆಸರಿನ ಪ್ರಾರ್ಥನಾಲಯವನ್ನು ಪ್ರತಿಷ್ಠಿಸಲು ಅಲ್ಲಿಗೆ ಬಂದರು. 1711ರ ಮಾರ್ಚ್ 15ರಂದು ಅಲ್ಲಿಯೇ ತೀರಿಕೊಂಡರು. 1767ರಲ್ಲಿ ಯೇಸುಸಭೆಯವರನ್ನು ಹೊರಹಾಕಿದ ಮೇಲೆ ಅಸ್ಸೀಸಿಯ ಸಂತ ಫ್ರಾನ್ಸಿಸರ ಸಭೆಯವರು ಬಂದರು. ಹೀಗಾಗಿ ಅಲ್ಲಿ ಝೇವಿಯರರ ಹಬ್ಬ ನಡೆಯುವುದು ಅಸ್ಸೀಸಿಯವರ ದಿನವಾದ ಅಕ್ಟೋಬರ್ 4ರಂದು. ಬೇಸಿಗೆಯ ಉರಿ ತಗ್ಗುವ ಕಾಲವದು. ಎಷ್ಟೋ ಮಂದಿ ಗಡಿಯ ಊರುಗಳಿಂದ ದಿನಗಟ್ಟಲೆ ನಡೆದೇ ಬರುತ್ತಾರೆ. ಮಲಗಿರುವ ಸಂತರ ಪ್ರತಿಮೆಯ ತಲೆಯನ್ನು ಮೆಲ್ಲನೆ ಎತ್ತಿ ಮುತ್ತಿಟ್ಟು ಹರಕೆ ಒಪ್ಪಿಸುತ್ತಾರೆ.

ಅಲ್ಲಿನ ಮೂಲನಿವಾಸಿಗಳು ತೊಹೊನೊ ಓಡಮ್, ಅಂದರೆ ಮರುಭೂಮಿಯ ಜನ. 1853ರ ಒಪ್ಪಂದ ಎಳೆದ ಗೆರೆ ಅವರ ನೆಲವನ್ನು ಎರಡು ದೇಶಗಳಿಗೆ ಹಂಚಿತು. ಆದರೂ ಅವರು ಹಬ್ಬಕ್ಕೆ ಬರುವುದನ್ನು ಬಿಡಲಿಲ್ಲ. 1934ರಲ್ಲಿ ಧರ್ಮವಿರೋಧಿ ಆಡಳಿತ ಹಳೆಯ ಪ್ರತಿಮೆಯನ್ನು ಸುಡಿಸಿತು. ಪ್ರತಿಮೆ ಬೂದಿಯಾಯಿತು, ಭಕ್ತಿ ಆಗಲಿಲ್ಲ. ಈಗಿರುವುದು ಅನಂತರದ ಪ್ರತಿಮೆ. ಸಂತ ಝೇವಿಯರರು ಅಮೆರಿಕ ಖಂಡವನ್ನು ಕಂಡವರೇ ಅಲ್ಲ ಎಂಬುದನ್ನು ನೆನೆಯಿರಿ. 1542ರಲ್ಲಿ ಗೋವೆಗೆ ಬಂದ ಅವರು 1552ರಲ್ಲಿ ಚೀನಾದ ಕರಾವಳಿಯ ದ್ವೀಪವೊಂದರಲ್ಲಿ ಮಡಿದರು.

ಬಿಸಿಲು, ದಣಿವು, ಗಡಿಯ ತಪಾಸಣೆ ಇವೆಲ್ಲ ಆ ಜನರಿಗೆ ಹರಕೆಯ ಭಾಗವೇ. ನಮಗೆ ಅಂಥ ಕಷ್ಟವಿಲ್ಲ. ಆದುದರಿಂದ ಯಾತ್ರೆಯನ್ನು ಯಾತ್ರೆಯಾಗಿಸುವ ಹೊಣೆ ನಮ್ಮ ಮೇಲೆಯೇ ಇದೆ. ಮೂರು ಸಂಗತಿಗಳನ್ನು ಗಮನಿಸೋಣ.

ಮೊದಲನೆಯದು, ಸಿದ್ಧತೆ. ನವೆಂಬರ್ 24ರಿಂದಲೇ ಮನೆಯಲ್ಲಿ ನೊವೇನ ಆರಂಭಿಸಿ. ಹೊರಡುವ ಮುನ್ನ ಪಾಪನಿವೇದನೆ ಮಾಡಿ.

ಎರಡನೆಯದು, ಜೊತೆ. ವಾಹನದಲ್ಲಿ ಒಂದು ಸೀಟು ಉಳಿದರೆ ನೆರೆಯ ಅಜ್ಜಿಯನ್ನೋ, ಖರ್ಚಿಗೆ ಹಣವಿಲ್ಲದ ಕೊಯ್ಲಿನ ಕೂಲಿಯವರನ್ನೋ ಕರೆದೊಯ್ಯಿರಿ.

ಮೂರನೆಯದು, ಮರಳಿಕೆ. ಸಮುದ್ರತೀರ ನೋಡುವುದು ತಪ್ಪಲ್ಲ. ಆದರೆ ಮನೆಗೆ ಬಂದ ಮಕ್ಕಳ ಬಾಯಲ್ಲಿ ಅದೊಂದೇ ಉಳಿದರೆ ನಾವು ಏನನ್ನೋ ಕಳೆದುಕೊಂಡೆವು. ಹೋಗಲಾಗದ ರೋಗಿಗಳ ಮನೆಗೆ ಭೇಟಿಕೊಟ್ಟು, ಅವರೊಡನೆ ಪ್ರಾರ್ಥಿಸಿದಾಗಲೇ ಯಾತ್ರೆ ಮುಗಿಯುತ್ತದೆ.

ಕುಟುಂಬದಲ್ಲಿ ಓದಿ: ಲೂಕ 2:41-52. ಮಾತೆ ಮರಿಯಮ್ಮ ಮತ್ತು ಸಂತ ಜೋಸೆಫರು ಪ್ರತಿವರ್ಷ ಜೆರುಸಲೇಮಿಗೆ ಯಾರೊಡನೆ ಹೋಗುತ್ತಿದ್ದರು? ಈ ವರ್ಷ ನಮ್ಮೊಡನೆ ಯಾರು ಬರಬೇಕು?